ಗಂಡ ಹೋದ ಬೇವಿನ ಮರ

ಪಲ್ಲವಿ, ಚೇತನ್, ಇಬ್ಬರೂ ಒಟ್ಟಿಗೆ ಕೂತು ಓದಿ. ಬಾಯಲ್ಲಿ ಹೇಳೋಣ ಅಂದರೆ ನನಗೆ ಮಾತು ಬರುವುದಿಲ್ಲ ಎಂದು ನಿಮಗೆ ಗೊತ್ತು. ನಾಲ್ಕು ಜನ ಸೇರಿದ ಕಡೆ ನಾನು ಬಾಗಿಲ ಹಿಂದೆ ನಿಲ್ಲುವವಳು. ಊರ ಶಾಲೆಯಲ್ಲಿ ಮೇಷ್ಟ್ರು ಪದ್ಯ ಹೇಳಿಸಿದರೂ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಆದರೆ ಅಕ್ಷರ ದುಂಡಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಪಲ್ಲವಿ, ನಾನು ಕೈಗೆ ಮಣ್ಣು ಮೆತ್ತಿಕೊಂಡು ದುಡಿದ ತೋಟಗಾರಿಕೆ ಇಲಾಖೆಗೆ ನೀನು ಈಗ ಅಧಿಕಾರಿಯಾಗಿ ಹೋಗುತ್ತಿದ್ದೀಯ. ಮೊನ್ನೆ ಹುರುಳಿಕಾಯಿ ಬಿಡಿಸುತ್ತಾ ಕೇಳಿದೆಯಲ್ಲ, "ಅಜ್ಜಿ, ಮರ ಕಡಿಯೋ ಆರ್ಡರ್‌ಗೆ ನಾನೇ ಸೈನ್ ಹಾಕಬೇಕಾಗುತ್ತಂತೆ. ನೀನು ನೋಡಿದ್ರೆ ಮರದಲ್ಲಿ ದೇವರಿದಾನೆ ಅಂತ ಚಿಕ್ಕಂದಿನಿಂದ ಹೇಳ್ಕೊಟ್ಟಿದೀಯ. ನಾನೇನ್ ಮಾಡ್ಲಿ ಹೇಳು?" ನಾನು ಉತ್ತರ ಹೇಳದೆ ಒಳಗೆ ಹೋಗಿ ಕುಕ್ಕರ್ ಇಟ್ಟೆ. ನಿನಗೆ ಬೇಜಾರಾಯಿತು ಅಂತ ಮುಖದಲ್ಲೇ ಕಂಡಿತು. ಉತ್ತರ ಗೊತ್ತಿರಲಿಲ್ಲ ಅಂತಲ್ಲ ಮಗಳೇ. ಅದನ್ನು ಒಂದು ಮಾತಲ್ಲಿ ಹೇಳಿದರೆ ಸುಳ್ಳಾಗುತ್ತದೆ. ನಾನು ಕಂಡಿದ್ದನ್ನು ಕಂಡ ಹಾಗೆ ಇಲ್ಲಿ ಇಡುತ್ತೇನೆ, ನೀನೇ ಆರಿಸಿಕೋ.

ನಿಮ್ಮ ತಾತ ಕಂಟೋನ್ಮೆಂಟ್ ಕಡೆಯ ಪಾರ್ಕುಗಳಲ್ಲಿ ಮಾಲಿಯಾಗಿದ್ದರು. ಕಾಮಾಲೆಯಲ್ಲಿ ಹೋದರು. ಆಗ ನಿಮ್ಮಮ್ಮ ಮಂಜುಳಾ ಇನ್ನೂ ಲಂಗ ಹಾಕುವ ಹುಡುಗಿ. ಲಿಂಗರಾಜಪುರದ ಒಂದು ಕೋಣೆಯ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಊರಿಗೆ, ಮಾಲೂರಿನ ಕಡೆಗೆ, ವಾಪಸು ಬಾ ಅಂತ ನಮ್ಮಣ್ಣ ಕರೆದ. ಅಲ್ಲಿ ಹೋಗಿ ಬಿಳಿ ಸೆರಗು ಹೊದ್ದು ಮೂಲೆಯಲ್ಲಿ ಕೂರುವುದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಅಷ್ಟರಲ್ಲಿ ಇಲಾಖೆಯವರು ಗಂಡನ ಕೆಲಸ ಹೆಂಡತಿಗೆ ಕೊಡುತ್ತೇವೆ ಅಂದರು. ಅವರ ಸಲಿಕೆಯನ್ನೇ ನನ್ನ ಕೈಗೆ ಕೊಟ್ಟರು. ಹಿಡಿ ಅವರ ಅಂಗೈ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಮೊದಲ ಕೆಲವು ದಿನ ಅದನ್ನು ಹಿಡಿದಾಗೆಲ್ಲ ಯಾರದೋ ಕೈ ಹಿಡಿದುಕೊಂಡ ಹಾಗೆ ಆಗುತ್ತಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು.

ಈಗಲೂ ನನ್ನ ಕನಸಿಗೆ ಬರುವುದು ರಿಚರ್ಡ್ಸ್ ಟೌನಿನ ಆ ಬೆಳಗುಗಳೇ. ಬೆಳಗಿನ ಮಂಜು ಇನ್ನೂ ನೆಲದ ಮೇಲೆ ಮಲಗಿರುತ್ತಿತ್ತು. ಆಕಾಶಮಲ್ಲಿಗೆ ಮರಗಳಿಂದ ಉದ್ದ ತೊಟ್ಟಿನ ಬಿಳಿ ಹೂವು ತಿರುಗುತ್ತಾ ತಿರುಗುತ್ತಾ ಇಳಿಯುತ್ತಿದ್ದವು, ಸದ್ದಿಲ್ಲದೆ. ದಾರಿ ಗುಡಿಸುವುದು ನನ್ನ ಕೆಲಸ. ಗುಡಿಸಿ ಹಿಂದೆ ತಿರುಗಿದರೆ ಮತ್ತೆ ಅಷ್ಟೇ ಬಿದ್ದಿರುತ್ತಿತ್ತು. ಕೋಲೂರಿಕೊಂಡು ಬರುವ ಒಬ್ಬ ವಯಸ್ಸಾದ ದೊರೆಸಾನಿ ಇದ್ದರು, ಗೌನು ಹಾಕುತ್ತಿದ್ದರು, ತಮಿಳು ಕನ್ನಡ ಇಂಗ್ಲಿಷು ಮೂರನ್ನೂ ಕಲಸಿ ಮಾತಾಡುವರು. "ನಾನು ಹೋಗೋವರೆಗೂ ಗುಡಿಸಬೇಡಮ್ಮಾ, ಪ್ಲೀಸ್, ನನಗೆ ಇದರ ಮೇಲೆ ನಡೀಬೇಕು" ಅಂದರು ಒಂದು ದಿನ. ಗುಡಿಸದಿದ್ದರೆ ಮೇಸ್ತ್ರಿ ಬೈಯುತ್ತಾರೆ, ಗುಡಿಸಿದರೆ ಈ ತಾಯಿಯ ಮನಸ್ಸು ಮುರಿಯುತ್ತದೆ. ಆ ದಿನದಿಂದ ನಾನು ದಾರಿಯ ಅರ್ಧ ಗುಡಿಸಿ, ಅರ್ಧ ಹೂವು ಹಾಗೇ ಬಿಟ್ಟು, ಅವರು ಹೋದ ಮೇಲೆ ಉಳಿದದ್ದು ಗುಡಿಸುತ್ತಿದ್ದೆ. ಆಕೆ ಆ ಬಿಳಿಯ ಅರ್ಧದ ಮೇಲೆ ಮದುಮಗಳಂತೆ ನಡೆದು ಹೋಗುವರು.

ನಮ್ಮ ಮೇಸ್ತ್ರಿ ಆರೋಗ್ಯಸ್ವಾಮಿ ಅಂತ. ಅವರಪ್ಪನೂ ಅದೇ ಪಾರ್ಕುಗಳಲ್ಲಿ ಮಾಲಿ. ಮನೆಯಲ್ಲಿ ತಮಿಳು, ಭಾನುವಾರ ಚರ್ಚು, ಬಾಯಿ ತುಂಬ ಎಲೆ ಅಡಿಕೆ. ನನ್ನನ್ನು ತಂಗಚ್ಚಿ, ಅಂದರೆ ತಂಗಿ, ಅನ್ನುತ್ತಿದ್ದರು. ಅವರ ಕೈಯಲ್ಲಿ ನಾನು ಮೊದಲು ಬೈಸಿಕೊಂಡದ್ದು ಗರಿಕೆ ವಿಷಯಕ್ಕೆ. ಚೆಂಡುಹೂವಿನ ಪಾತಿಯ ಕಳೆ ತೆಗೆಯೋಕೆ ಹೇಳಿದ್ದರು. ನಾನು ಬೇರೆ ಎಲ್ಲ ಕಿತ್ತೆ. ಗರಿಕೆ ಕೀಳಲಿಲ್ಲ. ಗಣೇಶನ ತಲೆಗೆ ಇಡುವ ಹುಲ್ಲನ್ನು ಕಳೆ ಅಂತ ಹೇಗೆ ಕಿತ್ತೆಸೆಯುವುದು? ಉತ್ತರಾಣಿ ಬಿಟ್ಟೆ, ಎಕ್ಕದ ಗಿಡ ಬಿಟ್ಟೆ. ಸ್ವಲ್ಪ ದಿನಕ್ಕೆ ಚೆಂಡುಹೂವು ಸೊರಗಿ, ಪಾತಿಯೆಲ್ಲ ಗರಿಕೆ ಹರಡಿತು.

ಮೇಸ್ತ್ರಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಏನ್ ತಂಗಚ್ಚಿ ಇದು? ಪಾರ್ಕ್ ಮಾಡ್ತಿದೀಯಾ, ಪಿಳ್ಳೆಯಾರ್‌ಗೆ ಮೆಸ್ ನಡೆಸ್ತಿದೀಯಾ?"

ಪಿಳ್ಳೆಯಾರ್ ಅಂದರೆ ಅವರ ಮಾತಲ್ಲಿ ಗಣೇಶ. ಜೊತೆಯ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನು ನೆಲ ನೋಡಿಕೊಂಡು ನಿಂತೆ. ಕೊನೆಗೆ, "ದೇವರ ಹುಲ್ಲು ಅಣ್ಣ, ಹ್ಯಾಗೆ ಎಸೀಲಿ?" ಅಂದೆ.

ಅವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಎಸಿ ಅಂತ ಯಾರು ಹೇಳಿದ್ದು? ಕೀಳು ಅಂದೆ. ಕೀಳೋದು ಕೆಲಸ. ಕಿತ್ತ ಮೇಲೆ ಅದು ಎಲ್ಲಿಗೆ ಹೋಗಬೇಕು ಅನ್ನೋದು ನಿನ್ನ ಬುದ್ಧಿ. ಕೊಯ್ದು ಕಟ್ಟಿ ಹಲಸೂರಿಗೆ ತಗೊಂಡು ಹೋಗು, ಗುಡಿ ಮುಂದೆ ಹೂ ಮಾರೋರು ಕಾದಿರ್ತಾರೆ."

ಹಾಗೇ ಮಾಡಿದೆ. ಪ್ರತಿ ಸಂಕಷ್ಟಿಯ ಹಿಂದಿನ ದಿನ ನನ್ನ ಸೆರಗಿನ ತುಂಬ ಗರಿಕೆ ಹಲಸೂರಿಗೆ ಹೋಗುತ್ತಿತ್ತು. ಚೆಂಡುಹೂವೂ ಬಂತು. ಪಲ್ಲವಿ, ನನ್ನ ಇಡೀ ನೌಕರಿಯಲ್ಲಿ ಧರ್ಮದ ವಿಷಯ ನನಗೆ ಕಲಿಸಿದವರಲ್ಲಿ ಮೊದಲನೆಯವರು ಅವರೇ.

ಎರಡನೇ ಪಾಠವೂ ಅವರದೇ. ಹಳೇ ಬಂಗಲೆಗಳ ಗೋಡೆ ಸಂದಿಯಲ್ಲಿ ಹಕ್ಕಿ ಹಿಕ್ಕೆಯಿಂದ ಅರಳಿ ಸಸಿ ಹುಟ್ಟಿಕೊಳ್ಳುತ್ತಿದ್ದವು. ಬಿಟ್ಟರೆ ಗೋಡೆ ಸೀಳುತ್ತದೆ. ಪಾರ್ಕಿನ ಕಾಂಪೌಂಡಿನಲ್ಲಿ ಹುಟ್ಟಿದ್ದನ್ನು ತೆಗೆಯಬೇಕು. ನಮ್ಮ ಗುಂಪಿನ ಹೆಂಗಸರು ಯಾರೂ ಮುಟ್ಟುತ್ತಿರಲಿಲ್ಲ. ಅರಳಿ ಕಿತ್ತರೆ ವಂಶ ನಿಲ್ಲುತ್ತದೆ ಅಂತ. ಮೇಸ್ತ್ರಿಯೇ ಏಣಿ ಹತ್ತುವರು. "ಸರಿ ಬಿಡ್ರಮ್ಮಾ, ನಿಮ್ಮ ಪಾಪ ಎಲ್ಲಾ ಈ ಕ್ರಿಶ್ಚಿಯನ್ ತಲೆ ಮೇಲೆ ಹಾಕಿ. ಭಾನುವಾರ ಫಾದರ್ ಹತ್ರ ಒಟ್ಟಿಗೆ ಸೆಟ್ಲ್ ಮಾಡ್ಕೋತೀನಿ" ಅನ್ನುವರು. ಎಲ್ಲರೂ ನಗುವರು. ನಾನೂ ನಗುತ್ತಿದ್ದೆ.

ಒಂದು ದಿನ ಅವರು ಏಣಿ ಇಳಿಯುವಾಗ ಮಂಡಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು. ನನಗೆ ನಗು ನಿಂತುಹೋಯಿತು. ಪಾಪ ಅಂತ ನಾವು ನಂಬಿರುವುದನ್ನು ನಗುನಗುತ್ತಾ ಇನ್ನೊಬ್ಬರ ಕೈಯಲ್ಲಿ ಮಾಡಿಸಿ, ನಮ್ಮ ಕೈ ಶುದ್ಧ ಅಂದುಕೊಂಡು ಮನೆಗೆ ಹೋಗಿ ದೀಪ ಹಚ್ಚುತ್ತಿದ್ದೇವಲ್ಲ ಅನ್ನಿಸಿತು. "ಅಣ್ಣ, ಇನ್ನು ನಾನು ಹತ್ತುತ್ತೀನಿ" ಅಂದೆ. ಬೇರು ಮುರಿಯದ ಹಾಗೆ ಗೋಡೆ ಸಂದಿಗೆ ನೀರು ಬಿಟ್ಟು, ಮೆಲ್ಲಗೆ ಎಳೆದು, ಎಣ್ಣೆ ಡಬ್ಬದಲ್ಲಿ ನೆಡುತ್ತಿದ್ದೆ. ಕೆರೆ ಏರಿ, ಶಾಲೆ ಬಯಲು, ಸ್ಮಶಾನದ ಅಂಚು, ಯಾರು ಕೇಳಿದರೂ ಕೊಡುತ್ತಿದ್ದೆ. ವಂಶ ನಿಲ್ಲಲಿಲ್ಲ, ನೋಡಿ, ನೀವಿಬ್ಬರು ಇದ್ದೀರಲ್ಲ.

ಮೇಸ್ತ್ರಿ ನಿವೃತ್ತರಾದರು. ಕಾಲ ಬದಲಾಯಿತು. ಎಣ್ಣೆ ಡಬ್ಬ ಹೋಗಿ ಕಪ್ಪು ಪ್ಲಾಸ್ಟಿಕ್ ಚೀಲ ಬಂತು. ಗೊಬ್ಬರದ ಗುಂಡಿ ಮುಚ್ಚಿ ತೆಂಗಿನ ನಾರಿನ ಪುಡಿ ಮೂಟೆಯಲ್ಲಿ ಬರತೊಡಗಿತು. ನಾವು ಇಬ್ಬರು ಅತ್ತ ಇತ್ತ ಕೂತು ಎಳೆಯುತ್ತಿದ್ದ ಗರಗಸದ ಬದಲು ಮಿಷನ್ ಗರಗಸ ಬಂತು. ಮೊದಲು ಒಂದು ಮರ ಇಳಿಸಲು ದಿನವೆಲ್ಲ ಬೇಕಿತ್ತು. ಅಷ್ಟು ಹೊತ್ತು ಮರದ ಜೊತೆ ಇರುತ್ತಿದ್ದೆವು. ಮಿಷನ್ ಬಂದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯುತ್ತಿತ್ತು. ರಸ್ತೆಗಳೂ ಅಗಲವಾಗತೊಡಗಿದವು. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸುಗಳು ಇರುವೆ ಸಾಲಿನ ಹಾಗೆ ನಿಲ್ಲುವವು. ಇಂದಿರಾನಗರದ ಕಡೆ ಮನೆಗಳ ಮುಂದಿನ ತೋಟಗಳು ಕಾರು ನಿಲ್ಲಿಸುವ ಜಾಗವಾದವು. ನಮ್ಮ ಗುಂಪಿಗೆ ಗಿಡ ನೆಡುವ ಕೆಲಸಕ್ಕಿಂತ ಮರ ಬಿದ್ದ ಜಾಗ ಚೊಕ್ಕಟ ಮಾಡುವ ಕೆಲಸವೇ ಜಾಸ್ತಿಯಾಯಿತು.

ನನ್ನ ಅಜ್ಜಿ ಒಂದು ಪದ್ಧತಿ ನಡೆಸುತ್ತಿದ್ದಳು. ಬಾಗಿಲ ಚೌಕಟ್ಟಿಗೋ ನೊಗಕ್ಕೋ ಮರ ಕಡಿಯಬೇಕಾದರೆ, ಹಿಂದಿನ ಸಂಜೆ ಬುಡಕ್ಕೆ ಒಂದು ಚೊಂಬು ನೀರು ಹೊಯ್ದು, ಅರಿಶಿನ ಕುಂಕುಮ ಇಟ್ಟು ಹೇಳುವಳು: "ಇಲ್ಲಿರೋ ಹಕ್ಕಿ ಹುಳ ಹಾವು, ಕಾಣೋ ಜೀವ ಕಾಣದ ಜೀವ, ಬೆಳಗಾಗೋದರೊಳಗೆ ಬೇರೆ ಜಾಗ ನೋಡ್ಕೊಳ್ಳಿ. ಬೇಕಾಗಿದೆ ಅಂತ ಕೇಳ್ತಿದೀವಿ, ಸೊಕ್ಕಿಗಲ್ಲ. ಕೋಪ ಮಾಡ್ಕೋಬೇಡಿ." ಕೊಡಲಿ ಮಾರನೆಯ ದಿನವೇ. ನಾನು ಬೆಂಗಳೂರಿನಲ್ಲೂ ಅದನ್ನು ಬಿಡಲಿಲ್ಲ. ಕುಂಕುಮ ಇಡುವ ಹಾಗಿರಲಿಲ್ಲ, ನೀರು ಮಾತ್ರ. ಯಾರಿಗೂ ಕಾಣದ ಹಾಗೆ, ಬುಡದಲ್ಲಿ ಕಸ ಆರಿಸುವವಳ ಹಾಗೆ ಬಗ್ಗಿಕೊಂಡು, ಗಂಟಲೊಳಗೇ ಹೇಳಿ ಬರುತ್ತಿದ್ದೆ.

ಈಗ ಆ ಅರಳಿ ಬೇವಿನ ಕಟ್ಟೆಗೆ ಬರುತ್ತೇನೆ.

ಹಲಸೂರು ದಾಟಿ ಹಳೇ ಮದ್ರಾಸು ರಸ್ತೆಯಿಂದ ಒಳಗೆ ಕವಲೊಡೆಯುವ ಒಂದು ಬೀದಿ. ಬಾಯಲ್ಲೇ ಕಲ್ಲು ಕಟ್ಟೆ. ಅದರ ಮೇಲೆ ಒಂದು ಅರಳಿ, ಒಂದು ಬೇವು, ಒಂದಕ್ಕೊಂದು ತೋಳು ಹಾಕಿಕೊಂಡ ಹಾಗೆ. ನಮ್ಮ ಕಡೆ ಅರಳಿಗೂ ಬೇವಿಗೂ ಮದುವೆ ಮಾಡುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ಅರಳಿ ಗಂಡು, ಬೇವು ಹೆಣ್ಣು. ಕಟ್ಟೆಯ ಎದುರು ಮನೆಯ ಜಯಮ್ಮನವರ ಅತ್ತೆ ಬಾಸಿಂಗ ಕಟ್ಟಿಸಿ, ತಾಳಿ ಕಟ್ಟಿಸಿ, ಬೀದಿಗೆಲ್ಲ ಊಟ ಹಾಕಿ ಈ ಮದುವೆ ಮಾಡಿಸಿದ್ದರಂತೆ. ಶನಿವಾರ ಬೀದಿಯ ಮುತ್ತೈದೆಯರೆಲ್ಲ ಪ್ರದಕ್ಷಿಣೆ ಬರುವರು. ಮಕ್ಕಳಾಗಲಿ ಅಂತ, ಮಗಳಿಗೆ ಗಂಡು ಸಿಗಲಿ ಅಂತ, ಗಂಡನ ಕುಡಿತ ಬಿಡಲಿ ಅಂತ. ನಾನು ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗುವಾಗ ಆಚೆ ಬದಿಯಲ್ಲೇ ನಿಂತು ಕೈ ಮುಗಿದು ಹೋಗುತ್ತಿದ್ದೆ. ಅವರ ನಡುವೆ ಹೋಗುವ ಅಭ್ಯಾಸ ನನಗಿರಲಿಲ್ಲ.

ರಸ್ತೆ ಅಗಲ ಮಾಡುವ ಗೆರೆ ಆ ಕಟ್ಟೆಯ ಮೇಲೆ ಹೋಯಿತು. ನಮ್ಮ ಹೊಸ ಸಾಹೇಬರು ಪಾಟೀಲ್ ಅಂತ, ವಿಜಾಪುರ ಕಡೆಯವರು, ಎಳೇ ವಯಸ್ಸು, ಬಹಳ ಒಳ್ಳೆಯವರು. ಎರಡು ಮರವನ್ನೂ ಉಳಿಸಲು ರಸ್ತೆಯ ಇಂಜಿನಿಯರುಗಳ ಹತ್ತಿರ ತುಂಬಾ ಓಡಾಡಿದರು. ಆಗಲಿಲ್ಲ. ಅರಳಿ ಗೆರೆಯ ಮಧ್ಯದಲ್ಲಿತ್ತು. ಬೇವು ಅಂಚಿನಲ್ಲಿತ್ತು. ಅವರು ಅಂಚಿನ ಕಲ್ಲನ್ನು ಒಂದಿಷ್ಟು ಬಾಗಿಸಿ, ಬೇವನ್ನು ಉಳಿಸಿಕೊಂಡು ಬಂದರು. "ಅಮ್ಮಾರ, ಒಂದು ಗಿಡಾನಾದ್ರೂ ಉಳೀತ್ರಿ" ಅಂತ ನನ್ನ ಮುಂದೆ ಬಂದು ಹೇಳುವಾಗ ಅವರ ಮುಖ ಪರೀಕ್ಷೆ ಪಾಸಾದ ಹುಡುಗನ ಮುಖದ ಹಾಗಿತ್ತು. ಅವರ ಕಡೆ ಮರಕ್ಕೆ ಗಿಡ ಅನ್ನುತ್ತಾರೆ.

ಅರಳಿ ಕಡಿಯುವ ಕೆಲಸ ನಮ್ಮ ಗುಂಪಿನ ಮುಂದೆಯೇ ಆಗಬೇಕು. ನಾನೇ ಆಗ ಹಿರಿಯಳು. ಪಲ್ಲವಿ, ನೀನು ಕೇಳಿದ ಪ್ರಶ್ನೆ ಅವತ್ತು ನನ್ನ ಮುಂದೆಯೂ ಬಂತು. ರಜಾ ಹಾಕಿ ಮನೆಯಲ್ಲಿ ಕೂತುಬಿಡೋಣ ಅನ್ನಿಸಿತು. ಅರಳಿ ಅಂದರೆ ಸಾಕ್ಷಾತ್ ನಾರಾಯಣ ಅಂತ ಹಾಲು ಕುಡಿಯುವಾಗಲೇ ಕೇಳಿದವಳು ನಾನು. ಆಮೇಲೆ ಏಣಿ ಇಳಿದು ಮಂಡಿ ಹಿಡಿದುಕೊಂಡ ಮೇಸ್ತ್ರಿ ನೆನಪಾದರು. ನಾನು ಹೋಗದಿದ್ದರೆ ಮರವೇನೂ ಉಳಿಯುವುದಿಲ್ಲ. ಕೇಳದೆ ಕಡಿಯುತ್ತಾರೆ, ಅಷ್ಟೇ. ಹಕ್ಕಿಗೆ ಹೇಳುವವರು ಇರುವುದಿಲ್ಲ. ಉಳಿಸಲು ಮಾಡುವುದೆಲ್ಲ ಮಾಡಿ ಮುಗಿದ ಮೇಲೂ ಮಾಡಲೇಬೇಕಾದದ್ದು ಬಂದರೆ, ಅದರ ಪಕ್ಕದಲ್ಲಿ ನಿಲ್ಲುವುದೂ ನಮ್ಮ ಪಾಲಿನದೇ. ಹೋದೆ.

ಹಿಂದಿನ ಸಂಜೆ ಚೊಂಬು ಹಿಡಿದು ಕಟ್ಟೆಗೆ ಹೋದೆ. ಸೂರ್ಯ ಮುಳುಗಿ ಬೆಳಕು ಮಾತ್ರ ಉಳಿದಿತ್ತು. ಗಾಳಿಯೇ ಇರಲಿಲ್ಲ, ಆದರೂ ಅರಳಿ ಎಲೆಗಳು ತಮ್ಮ ತಮ್ಮಲ್ಲೇ ಏನೋ ಹೇಳಿಕೊಳ್ಳುತ್ತಿದ್ದವು. ಗೊರವಂಕಗಳು ಒಂದೊಂದಾಗಿ ಬಂದು ಒಳಗೆ ಸೇರಿ ಕಾಣೆಯಾಗುತ್ತಿದ್ದವು. ಅಂದು ಮೊದಲನೇ ಸಲ ಕಟ್ಟೆ ಹತ್ತಿದೆ. ಅಂಗೈ ಇಟ್ಟರೆ ತೊಗಟೆ ಇನ್ನೂ ಬಿಸಿಲಿನ ಬಿಸಿಯಲ್ಲಿತ್ತು, ಜ್ವರ ಬಂದ ಮೈ ಹಾಗೆ. ನಿಮ್ಮ ತಾತನ ಕೊನೆಯ ದಿನಗಳಲ್ಲಿ ಹೀಗೇ ಬೆನ್ನ ಮೇಲೆ ಕೈಯಿಟ್ಟು ಕೂರುತ್ತಿದ್ದೆ. ಅಜ್ಜಿಯ ಮಾತು ಹೇಳತೊಡಗಿದೆ.

"ಯಾರ ಜೊತೆ ಬಾತಾಂ ಅಕ್ಕಾ?" ಅಂತ ಹಿಂದಿನಿಂದ ಯಾರೋ ಕೇಳಿದರು.

ತಿರುಗಿದರೆ ಚಾಂದ್ ಪಾಷಾ. ಶಿವಾಜಿನಗರದವನು, ಗುತ್ತಿಗೆದಾರನ ಕಡೆಯ ಮಿಷನ್ ಗರಗಸದ ಆಳು. ಬೆಳಿಗ್ಗೆ ಹಗ್ಗ ಎಲ್ಲಿ ಕಟ್ಟಬೇಕು ಅಂತ ನೋಡಿಕೊಳ್ಳಲು ಬಂದಿದ್ದ. ನನಗೆ ನಾಚಿಕೆಯಾಗಿ ಚೊಂಬು ಸೆರಗಿನಲ್ಲಿ ಮುಚ್ಚಿಕೊಂಡೆ.

"ಹಕ್ಕಿಗಳಿಗೆ ಹೇಳ್ತಿದ್ದೆ. ನಾಳೆ ಇರಬೇಡಿ ಅಂತ."

ಅವನು ಬೀಡಿ ಆರಿಸಿ ಮೇಲೆ ನೋಡಿದ. "ನಮ್ಮ ಏರಿಯಾ ಹಕ್ಕೀನೂ ಇದ್ರೆ? ಅವಕ್ಕೆ ನಿಮ್ ಕನ್ನಡ ತಿಳಿಯಲ್ಲ. ನಾನೂ ಹೇಳ್ತೀನಿ, ತಡೀರಿ." ಕೈ ಎತ್ತಿ ಕೂಗಿದ, "ಸುನೋ ಬಾವಾ! ಕಲ್ ಸುಬಾ ಸೇ ಪೈಲೇ ಹಟ್ ಜಾವೋ. ಗುಸ್ಸಾ ನಕ್ಕೋ ಕರೋ!"

ನಾನು ಹೇಳಿದ್ದನ್ನೇ, ಬೆಳಗಾಗೋದರೊಳಗೆ ಜಾಗ ಬಿಡಿ, ಕೋಪ ಬೇಡ ಅಂತ, ಅವನ ಮಾತಲ್ಲಿ ಹೇಳಿದ್ದ. ನಗು ತಡೆಯಲಾಗಲಿಲ್ಲ ನನಗೆ. ಅಳುವೂ ಅದರ ಜೊತೆಗೇ ಬಂತು. ಅವನು ಆಚೆ ಮುಖ ತಿರುಗಿಸಿ ಹಗ್ಗದ ಅಳತೆ ನೋಡುತ್ತಾ ನಿಂತ.

ಬೆಳಿಗ್ಗೆ ಅವನು ಒಂದು ಕೊಂಬೆಯನ್ನು ಕೊನೆಯವರೆಗೂ ಮುಟ್ಟಲಿಲ್ಲ. ಅದರಲ್ಲಿ ಗೂಡಿತ್ತು. ಗೂಡು ಖಾಲಿ ಅಂತ ಏರಿ ನೋಡಿ, "ಹೋಗಿದಾವೆ ಅಕ್ಕಾ, ಮಾತು ಕೇಳಿದಾವೆ" ಅಂತ ಮೇಲಿಂದ ಕೂಗಿ, ಬಿಸ್ಮಿಲ್ಲಾ ಅಂದು ಆಮೇಲೆ ಮಿಷನ್ ಚಾಲು ಮಾಡಿದ. ಮಧ್ಯಾಹ್ನಕ್ಕೆ ಅರಳಿ ಇರಲಿಲ್ಲ. ಅದಿದ್ದ ಕಡೆ ಆಕಾಶ ಇತ್ತು. ಬೇವಿನ ಒಂದು ಮಗ್ಗುಲು, ಅರಳಿ ಒರಗಿದ್ದ ಮಗ್ಗುಲು, ಕೊಂಬೆಯೇ ಇಲ್ಲದೆ ಬರಿದಾಗಿ ಕಂಡಿತು.

ಗೋಳು ಶುರುವಾದದ್ದು ಆಗ. ಜಯಮ್ಮನವರು ಮನೆಯಿಂದ ಹೊರಗೆ ಬಂದರು. ಹಿಂದೆ ಬೀದಿಯ ಹೆಂಗಸರು. ಬೇವನ್ನು ನೋಡಿ ಒಬ್ಬೊಬ್ಬರೇ ಸೆರಗು ಬಾಯಿಗೆ ಒತ್ತಿಕೊಂಡರು.

ಪಾಟೀಲ್ ಸಾಹೇಬರು ಗಾಬರಿಯಾಗಿ ನನ್ನ ಹತ್ತಿರ ಬಂದರು. "ಅಲ್ರೀ ಅಮ್ಮಾರ, ಒಂದು ಗಿಡ ಉಳಿಸೀನಿ ಅಂತ ಖುಷಿ ಪಡ್ತಾರ ಅಂದ್ಕೊಂಡಿದ್ದೆ. ಯಾಕ ಅಳಾಕತ್ತಾರ ಇವ್ರು?"

ಉತ್ತರ ಕೊಟ್ಟಿದ್ದು ಜಯಮ್ಮನವರೇ. "ಸಾರ್, ಗಂಡನ್ನ ಕಡಿದು ಹೆಂಡ್ತೀನ ಬಿಟ್ಟಿದೀರಲ್ಲ! ನಮ್ಮತ್ತೆ ತಾಳಿ ಕಟ್ಟಿಸಿದ ಜೋಡಿ ಇದು. ಬೀದಿ ಬಾಯಲ್ಲಿ ಇದು ಹಿಂಗೆ ನಿಂತ್ರೆ ನಮ್ಮ ಹೆಣ್ಮಕ್ಕಳ ಗತಿ ಏನು? ಶುಭ ಕಾರ್ಯಕ್ಕೆ ಹೊರಟ್ರೆ ಮೊದಲು ಕಣ್ಣಿಗೆ ಬೀಳೋದೇ ಇದು."

"ನಮ್ ಕಡೆ ಬನ್ನಿ ಗಿಡಕ್ಕ ಪೂಜಿ ಮಾಡ್ತೀವ್ರಿ, ಗಿಡದ ಮದುವಿ ಕೇಳಿಲ್ರಿ ನಾ" ಅಂದರು ಸಾಹೇಬರು, ಪಾಪ, ಬೆವರು ಒರೆಸಿಕೊಳ್ಳುತ್ತಾ.

ಮೂಲೆ ಅಂಗಡಿಯವನು ಸಮಯ ನೋಡಿ ಸೇರಿಕೊಂಡ. ಬೇವು ಹೋದರೆ ಅವನ ಅಂಗಡಿ ರಸ್ತೆಗೆ ಪೂರಾ ಕಾಣುತ್ತಿತ್ತು. "ಎಲ್ಲರೂ ಹೇಳ್ತಿದಾರಲ್ಲ ಸಾರ್. ಮಿಷನ್ ಇಲ್ಲೇ ಇದೆ, ಆಳೂ ಇದಾರೆ. ಇದನ್ನೂ ಮುಗಿಸಿಬಿಡಿ."

ಹಿಂದಿನಿಂದ ಯಾರೋ ಹೆಂಗಸು ಅಂದಳು, "ಮುಂಡೆ ಮರ ಯಾರಿಗೆ ಬೇಕು?"

ಆಮೇಲೆ ಎಲ್ಲರಿಗೂ ನಾನು ಅಲ್ಲೇ ನಿಂತಿರುವುದು ಕಂಡಿತು. "ಅಯ್ಯೋ, ನಿಮಗಲ್ಲ ಸಾಕಮ್ಮ ಅಂದಿದ್ದು, ಮರಕ್ಕೆ" ಅಂದರು ಜಯಮ್ಮನವರು.

ಸಾಹೇಬರು ಚಾಂದ್ ಪಾಷಾನ ಕಡೆ ನೋಡಿದರು. ಓಣಿಯವರಿಗೇ ಬೇಡವಾದರೆ ಅವರು ತಾನೇ ಯಾರಿಗಾಗಿ ಉಳಿಸಬೇಕು? ಚಾಂದ್ ಪಾಷಾ ಗರಗಸ ಚಾಲು ಮಾಡುವ ಹಗ್ಗ ಕೈಯಲ್ಲಿ ಹಿಡಿದು, ಎಳೆಯದೆ, ನನ್ನ ಕಡೆ ನೋಡಿದ.

ಅಷ್ಟು ಜನರ ಮುಂದೆ ನಾನು ಯಾವತ್ತೂ ಬಾಯಿ ತೆರೆದವಳಲ್ಲ. ಬೇವಿನ ಕಾಂಡಕ್ಕೆ ಬೆನ್ನು ಕೊಟ್ಟು ನಿಂತೆ. ಅದನ್ನು ಕಾಯಲಿಕ್ಕೆ ನಿಂತೆ ಅಂತ ಎಲ್ಲರೂ ಅಂದುಕೊಂಡರು. ನಿಜವಾಗಿ ಬೀಳದೆ ಇರಲಿಕ್ಕೆ ನಿಂತದ್ದು.

"ಜಯಮ್ಮನೋರೆ" ಅಂದೆ. ದನಿ ಸಣ್ಣಗೆ ಬಂತು. "ನಮ್ಮ ಯಜಮಾನ್ರು ಹೋದಾಗ ನಮ್ಮ ಮಂಜುಳಾ ಇಷ್ಟುದ್ದ ಇದ್ಲು. ಅವತ್ತು ಯಾರಾದ್ರೂ, ಗಂಡ ಹೋದ, ಇವಳನ್ನೂ ಕಡಿದು ಹಾಕಿ ಅಂದಿದ್ರೆ, ಆ ಮಗೂಗೆ ನೆರಳು ಯಾರು ಕೊಡ್ತಿದ್ರು?"

ಅಷ್ಟೇ ನಾನು ಹೇಳಿದ್ದು. ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು. ಬೇವಿನ ಒಂದು ಹಣ್ಣೆಲೆ ನನ್ನ ಹೆಗಲ ಮೇಲೆ ಬಿತ್ತು.

ಜಯಮ್ಮನವರು ನನ್ನನ್ನೇ ನೋಡಿದರು. ಆಮೇಲೆ ಸೆರಗು ಸರಿ ಮಾಡಿಕೊಂಡು, "ನಿಲ್ಲಲಿ ಬಿಡಿ ಸಾರ್" ಅಂದರು. ಒಳಗೆ ಹೋಗುತ್ತಾ ತಿರುಗಿ, "ಆದ್ರೆ ಪೂಜೆ ಗೀಜೆ ಏನೂ ಆಗಲ್ಲ, ಹೇಳಿಬಿಟ್ಟಿದೀನಿ" ಅಂದರು. ಅಂಗಡಿಯವನು ಮುಖ ಗಂಟು ಹಾಕಿಕೊಂಡು ಹೋದ. ಚಾಂದ್ ಪಾಷಾ ಮಿಷನ್ನನ್ನು ಗಾಡಿಗೆ ಎತ್ತಿ ಹಾಕಿ, "ಭಾಷಣ ಚೋಟಾ, ಕೆಲಸ ಬಡಾ, ಅಕ್ಕಾ" ಅಂದ.

ಕಥೆ ಇಲ್ಲಿಗೆ ಮುಗಿಯಿತು ಅಂತ ತಿಳಿಯಬೇಡಿ. ಅರಳಿಯ ಬೇರು ಕೀಳುವಾಗ ಬೇವಿನ ಬೇರೂ ಅರ್ಧ ಹರಿದಿತ್ತು. ಟಾರು ಒಂದು ಮಗ್ಗುಲಿಗೆ ಒತ್ತಿ ಬಂತು. ಎಲೆ ಹಳದಿಯಾಗಿ ಉದುರತೊಡಗಿತು. ರಸ್ತೆ ಮುಗಿದ ಮೇಲೆ ನನ್ನ ಕೆಲಸ ಕೆ.ಆರ್. ಪುರದ ಕಡೆಯ ಒಂದು ಪಾರ್ಕಿಗೆ ಬಿತ್ತು. ಬೇವು ಇನ್ನು ನನ್ನ ಪಾಲಿನ ಕೆಲಸವಲ್ಲ. ಆದರೂ ಸಂಜೆ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಹತ್ತಿ ಬರುವಾಗ ಆ ಬೀದಿಯ ಹತ್ತಿರ ಇಳಿದುಬಿಡುತ್ತಿದ್ದೆ. ಪಕ್ಕದ ಸೈಕಲ್ ರಿಪೇರಿಯವನ ಡ್ರಮ್ಮಿನಿಂದ ಒಂದು ಬಕೆಟ್ ನೀರು ಕೇಳಿ ಪಡೆದು ಬುಡಕ್ಕೆ ಹೊಯ್ಯುತ್ತಿದ್ದೆ. ಒಂದು ಬಕೆಟ್ ನೀರು ಅಂಥ ಮರಕ್ಕೆ ಏನು ಸಾಕು? ಗೊತ್ತಿತ್ತು. ಬದುಕುತ್ತದೋ ಇಲ್ಲವೋ ಅದು ನನ್ನ ಕೈಯಲ್ಲಿರಲಿಲ್ಲ. ಬಕೆಟ್ ಮಾತ್ರ ನನ್ನ ಕೈಯಲ್ಲಿತ್ತು.

ಶನಿವಾರ ಯಾರೂ ಬರುತ್ತಿರಲಿಲ್ಲ. ಕಟ್ಟೆಯ ಉಳಿದ ಕಲ್ಲುಗಳ ಮೇಲೆ ಆಟೋದವರು ಕೂತು ಟೀ ಕುಡಿಯುವರು. ಮುಂದಿನ ಯುಗಾದಿಗೆ ಬೇವು ಹೂ ಬಿಡಲಿಲ್ಲ. "ನೋಡಿದ್ರಾ? ಗಂಡನ ಹಿಂದೇನೇ ಹೊರಟಿದೆ" ಅಂದ ಅಂಗಡಿಯವನು. ನಾನು ಬಕೆಟ್ ತೊಳೆದು ಕೊಟ್ಟು ಬಂದೆ. ಆ ದಿನಗಳಲ್ಲಿ ನನಗೆ ಒಂದೇ ಕನಸು. ಬೇವು ಒಂಟಿ ಕಾಲಲ್ಲಿ ನಿಂತಿರುತ್ತದೆ, ನಿಮ್ಮ ತಾತ ಬಂದು ಸಲಿಕೆಯಿಂದ ಮಣ್ಣು ಸಡಿಲ ಮಾಡಿ, ನನ್ನ ಕಡೆ ನೋಡದೆ, ಏನೂ ಮಾತಾಡದೆ ಹೋಗುತ್ತಾರೆ. ಎದ್ದ ಮೇಲೆ ಅದೇ ಸರಿ ಅನ್ನಿಸಿ, ಟಾರಿನ ಅಂಚಿನ ಮಣ್ಣನ್ನು ಅವರ ಸಲಿಕೆಯಿಂದ ಅಗೆದು ಸಡಿಲ ಮಾಡಿ ಬಂದೆ. ಕನಸು ಹೇಳಿತೋ, ಕೈಯ ಅಭ್ಯಾಸ ಹೇಳಿತೋ, ಕೇಳಬೇಡಿ.

ಅದರ ಮುಂದಿನ ಯುಗಾದಿ. ಹಬ್ಬದ ಬೆಳಿಗ್ಗೆ ಹಲಸೂರಿನ ಗುಡಿಗೆ ಅಂತ ಹೊರಟವಳು ಬೀದಿಯ ಬಾಯಲ್ಲಿ ಇಳಿದೆ. ದೂರದಿಂದಲೇ ವಾಸನೆ ಬಂತು. ಬರಿದಾಗಿದ್ದ ಆ ಮಗ್ಗುಲಿನಲ್ಲೇ, ಅರಳಿ ಒರಗಿದ್ದ ಕಡೆಯಲ್ಲೇ, ಹೊಸ ಕೊಂಬೆ ಚಿಗುರಿ, ಬಿಳಿ ಹೂವಿನ ಗೊಂಚಲು ತೂಗುತ್ತಿದ್ದವು. ಜೇನುಹುಳುಗಳ ಗುಂಯ್ಗುಟ್ಟುವಿಕೆಯಲ್ಲಿ ಬಸ್ಸಿನ ಸದ್ದೂ ಕೇಳುತ್ತಿರಲಿಲ್ಲ. ನಾನು ಅಲ್ಲೇ ನಿಂತುಬಿಟ್ಟೆ.

ಎದುರು ಮನೆಯ ಬಾಗಿಲು ತೆರೆಯಿತು. ಜಯಮ್ಮನವರು ಹೊಸ ಸೀರೆ ಉಟ್ಟು, ಬೆಳ್ಳಿ ತಟ್ಟೆ ಹಿಡಿದು ಬಂದರು. ತಟ್ಟೆಯಲ್ಲಿ ಬೆಲ್ಲ ಇತ್ತು, ಬೇವು ಇರಲಿಲ್ಲ. ಅಗಲವಾದ ರಸ್ತೆಯ ಸುತ್ತ ಬೇರೆ ಯಾವ ಬೇವೂ ಉಳಿದಿರಲಿಲ್ಲ ತಾನೇ. ನನ್ನನ್ನು ಕಂಡು ನಿಂತರು.

ನಾನು ಪಕ್ಕಕ್ಕೆ ಸರಿದೆ. ಹಬ್ಬದ ದಿನ ಹೂ ಕೀಳಲು ಬಂದ ಮುತ್ತೈದೆಗೆ ನಾನು ಎದುರು ನಿಲ್ಲಬಾರದು ಅಂತ. ಅದು ಮೈಗೆ ಅಂಟಿದ ಅಭ್ಯಾಸ, ಕಾಲು ತಾನಾಗಿ ಸರಿಯುತ್ತದೆ.

"ಎಲ್ಲಿಗೆ ಹೋಗ್ತೀರಾ?" ಅಂದರು ಜಯಮ್ಮನವರು. ತಟ್ಟೆಯನ್ನು ನನ್ನ ಮುಂದೆ ಚಾಚಿದರು. "ನನಗೆ ಎಟುಕಲ್ಲ. ನೀವೇ ಕಿತ್ತು ಕೊಡಿ."

ಕೊಂಬೆ ಅವರ ಮುಖದ ಮಟ್ಟಕ್ಕೇ ಬಾಗಿತ್ತು. ನನಗಿಂತ ಅವರೇ ಎತ್ತರ.

ನಾನು ಒಂದು ಗೊಂಚಲು ಮುರಿದು ತಟ್ಟೆಯಲ್ಲಿ ಇಟ್ಟೆ. ಅವರು ಒಂದು ಎಸಳು ಬೆಲ್ಲದ ಚೂರಿನ ಜೊತೆ ಸೇರಿಸಿ ನನ್ನ ಅಂಗೈಗೆ ಹಾಕಿದರು. ಅವತ್ತು ಆ ಬೀದಿಯ ಎಲ್ಲ ಮನೆಯ ಬೇವು ಬೆಲ್ಲದ ಬೇವು ಆ ಮರದ್ದೇ. ಒಬ್ಬರಾದ ಮೇಲೆ ಒಬ್ಬರು ಬರುತ್ತಲೇ ಇದ್ದರು. ನಾನು ಗುಡಿಗೆ ಹೋಗಲೇ ಇಲ್ಲ.

ಪಲ್ಲವಿ, ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಇಷ್ಟೇ. ಸೈನ್ ಹಾಕುವ ಮೊದಲು ಪಾಟೀಲ್ ಸಾಹೇಬರ ಹಾಗೆ ಓಡಾಡು. ಓಡಾಡಿ ಆಗದೆ ಹೋದರೆ, ಹಿಂದಿನ ಸಂಜೆ ಒಂದು ಚೊಂಬು ನೀರು ಹಿಡಿದು ನೀನೇ ಹೋಗು, ಆಳನ್ನು ಕಳಿಸಬೇಡ. ಪಾಪವನ್ನು ಬೇರೆಯವರ ಕೈಗೆ ದಾಟಿಸಬೇಡ. ಉಳಿದದ್ದಕ್ಕೆ ನೀರು ಹಾಕುವುದು ನಿಲ್ಲಿಸಬೇಡ. ಚೇತನ್, ನೀನು ಅಕ್ಕನ ಜೊತೆ ಹೋಗಿ ಬಕೆಟ್ ಹಿಡಿ.

ಈ ಹಾಳೆಗಳ ನಡುವೆ ಅದೇ ಮರದ ಎಲೆ ಇಟ್ಟಿದ್ದೇನೆ. ಬೇವಿದ್ದರೆ ಕಾಗದಕ್ಕೆ ಹುಳ ಹಿಡಿಯುವುದಿಲ್ಲ. ಒಣಗಿ ಪುಡಿಯಾದಾಗ ಹಳೇದು ತೆಗೆದು ಹೊಸದು ಇಡಿ. ಅಂಗಡಿಯಲ್ಲಿ ಕೊಂಡದ್ದು ಬೇಡ. ಆ ಬೀದಿಗೇ ಹೋಗಿ, ಕೇಳಿ ಕೀಳಿ. ಹೀಗೆ ಹೋಗಿ ಬರುತ್ತಿದ್ದರೆ ಹಾಳೆಯೂ ಉಳಿಯುತ್ತದೆ, ಮರ ಇನ್ನೂ ನಿಂತಿದೆಯಾ ಅಂತ ಯಾರಾದರೂ ನೋಡಿ ಬಂದ ಹಾಗೂ ಆಗುತ್ತದೆ. ಜೋಪಾನ.